ಇಪ್ಪತ್ಮೂರನೇ ವಾರ್ಡಿನ ಹೆಜ್ಜೆಗಳು

ಸಾತನಕಲ್ಲಿನಲ್ಲಿ ಈಗ ತಲೆ ಎಣಿಸಲು ಯಾರೂ ಮನೆಬಾಗಿಲಿಗೆ ಬರುವುದಿಲ್ಲ. ನೆಲವೇ ಎಣಿಸಿಕೊಳ್ಳುತ್ತದೆ.

ಐದು ಹಳ್ಳಿಗಳು ಒಂದಕ್ಕೊಂದು ಒತ್ತಿಕೊಂಡು ಆದ ಊರು ಇದು. ಪಡುವಣಕ್ಕೆ ಕಲ್ಲುಗುಡ್ಡ, ಕ್ವಾರಿಯವರು ತಿಂದು ಬಿಟ್ಟ ಅರ್ಧ ಮಾತ್ರ ಉಳಿದಿದೆ. ನಡುವೆ ಹೆದ್ದಾರಿ. ಅದರ ಎರಡೂ ಬದಿ ಅಂಗಡಿ, ಕಲ್ಯಾಣಮಂಟಪ, ನರ್ಸಿಂಗ್ ಹೋಮು. ಮೂಡಣಕ್ಕೆ ನೆಲ ಇಳಿಯುತ್ತಾ ಹೋಗಿ ರೈಲುಹಳಿಯ ದಿಬ್ಬಕ್ಕೆ ತಾಗಿ ನಿಲ್ಲುತ್ತದೆ. ಗ್ರಾಮ ಪಂಚಾಯಿತಿಯಾಗಿದ್ದದ್ದು ಪಟ್ಟಣ ಪಂಚಾಯಿತಿಯಾಯಿತು, ಆರೇ ವರ್ಷದಲ್ಲಿ ಪುರಸಭೆಯಾಯಿತು. ವಾರ್ಡುಗಳ ಗಡಿ ಗುರುತಿಸಿ ಮುಗಿಸುವಷ್ಟರಲ್ಲಿ ಆ ಗಡಿಯ ಆಚೆ ಇನ್ನೆರಡು ಬಡಾವಣೆ ಎದ್ದಿರುತ್ತಿದ್ದವು. ಜನಗಣತಿಯ ಅಂಕಿ ಅಚ್ಚಾಗಿ ಬರುವ ಹೊತ್ತಿಗೆ ಸುಳ್ಳಾಗಿರುತ್ತಿತ್ತು. ಆಗ ಎಳೆ ಬಂತು.

ಎಳೆ ಎಂದರೆ ಗಾಜಿನ ತಂತಿ. ಕೂದಲಿನಷ್ಟು ಸಣ್ಣದು. ಊರಿನ ಎಲ್ಲ ರಸ್ತೆಗಳ ಕೆಳಗೆ ಎರಡು ಅಡಿ ಆಳದಲ್ಲಿ ಹೂತಿದ್ದಾರೆ. ಅದರೊಳಗೆ ಬೆಳಕು ಓಡಾಡುತ್ತಿರುತ್ತದೆ. ಮೇಲೆ ಯಾರಾದರೂ ಕಾಲಿಟ್ಟರೆ ಮಣ್ಣು ಅಲುಗುತ್ತದೆ, ಎಳೆ ಜಗ್ಗುತ್ತದೆ, ಬೆಳಕು ಒಂದು ಚೂರು ತಡವಾಗಿ ಹಿಂದಿರುಗುತ್ತದೆ. ಆ ತಡವನ್ನು ಯಂತ್ರ ಓದುತ್ತದೆ. ನಾಯಿ, ಸ್ಕೂಟರು, ಮಳೆ, ಮನುಷ್ಯ ಇವನ್ನೆಲ್ಲ ಬೇರೆ ಮಾಡುತ್ತದೆ. ಮೂರು ತಿಂಗಳಲ್ಲಿ ಅದು ಊರಿನ ಪ್ರತಿಯೊಬ್ಬರ ನಡಿಗೆಯನ್ನೂ ಕಲಿತುಬಿಟ್ಟಿತು. ನಡಿಗೆ ಕೈಬರಹದ ಹಾಗೆ. ಇನ್ನೊಬ್ಬರದು ಬರುವುದಿಲ್ಲ.

ನಾನು ಭೂಗೋಳಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಪುರಸಭೆಯ ಎರಡನೇ ಮಹಡಿಯಲ್ಲಿ, ಮೊದಲು ಜನನ ಮರಣ ನೋಂದಣಿ ವಿಭಾಗವಿದ್ದ ಕೋಣೆಯಲ್ಲಿ, ಎಳೆಯ ನಕ್ಷೆಯ ಮುಂದೆ ಕೂರುವುದು ನನ್ನ ಕೆಲಸ. ನಕ್ಷೆಯಲ್ಲಿ ಪ್ರತಿ ಹೆಜ್ಜೆಯೂ ಒಂದು ಹಸಿರು ಚುಕ್ಕೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ನನ್ನ ಗಂಡ ಗುರುಸಿದ್ಧ ಡೆಂಗಿ ಜ್ವರದಲ್ಲಿ ಹೋದರು. ಐದು ದಿನದ ಜ್ವರ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಸತ್ತವರ ನಡಿಗೆಯನ್ನು ಹದಿನೈದು ದಿನದೊಳಗೆ ಪಟ್ಟಿಯಿಂದ ತೆಗೆಯಬೇಕು ಎಂದು ನಿಯಮ. ಹದಿನಾಲ್ಕನೆಯ ದಿನ ಕೆಲಸಕ್ಕೆ ಹೋಗಿ ತೆಗೆದೆ.

*

ಮೂರು ತಿಂಗಳಿಗೊಮ್ಮೆ ಎಣಿಕೆ ದಿನ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಯಾವ ವಾರ್ಡಿನಲ್ಲಿ ಎಷ್ಟು ಜನ ನಡೆದರು ಎನ್ನುವುದರ ಮೇಲೆ ನೀರು, ಬೀದಿದೀಪ, ಕಸದ ಗಾಡಿ ಎಲ್ಲವೂ ಹಂಚಿಕೆಯಾಗುತ್ತದೆ. ನಡುವೆ ಹೆಜ್ಜೆ ಕೇಳದಾದವರನ್ನು ಯಂತ್ರ ಎಣಿಕೆಯಿಂದ ತೆಗೆಯುತ್ತದೆ. ಸಾವಿರದೈನೂರಕ್ಕಿಂತ ಕಡಿಮೆ ಬಂದ ವಾರ್ಡು ಅಂದಿನಿಂದ ವಿರಳ ವಲಯ. ಅಲ್ಲಿಗೆ ಎಂಟು ದಿನಕ್ಕೊಮ್ಮೆ ನೀರು. ಬೀದಿದೀಪ ಇಲ್ಲ. ಆಂಬುಲೆನ್ಸ್ ಒಳಕ್ಕೆ ಬರುವುದಿಲ್ಲ, ರಸ್ತೆಯ ಬಾಯಿಗೆ ನಿಲ್ಲುತ್ತದೆ. ವಾರ್ಡಿನ ಸದಸ್ಯರ ಕುರ್ಚಿಯೂ ಹೋಗುತ್ತದೆ.

ಜನ ಇದಕ್ಕೂ ಒಗ್ಗಿಕೊಂಡರು. ಎಣಿಕೆ ದಿನ ಬಂತೆಂದರೆ ಊರಿಗೆ ಊರೇ ಬೀದಿಯಲ್ಲಿರುತ್ತಿತ್ತು. ಹೆಂಗಸರು ಅಡುಗೆ ಬೇಗ ಮುಗಿಸಿ ಹೊರಡುತ್ತಿದ್ದರು. ಮುದುಕರು ಮರದ ಹಿಮ್ಮಡಿಯ ಚಪ್ಪಲಿ ಮಾಡಿಸಿಕೊಂಡರು. ಗುಡ್ಡದ ಬದಿಯ ವಿಲ್ಲಾಗಳವರು ಬೆಳಗ್ಗೆಯೇ ಟೀಶರ್ಟು ಹಾಕಿ ಸಾಲಾಗಿ ನಡೆಯುತ್ತಿದ್ದರು. ಮಗು ಹೆಜ್ಜೆ ಹಾಕಲು ಕಲಿತ ಮನೆಗೆ ವಾರ್ಡಿನ ಸದಸ್ಯರು ತಾವೇ ಸಿಹಿ ತೆಗೆದುಕೊಂಡು ಹೋಗುತ್ತಿದ್ದರು.

ನಮ್ಮದು ಇಪ್ಪತ್ಮೂರನೇ ವಾರ್ಡು, ದೇವಮ್ಮನ ಬಡಾವಣೆ. ರೈಲುದಿಬ್ಬದ ಪಕ್ಕದ ತಗ್ಗು. ನಾನೂರ ಹನ್ನೆರಡು ಮನೆ. ಅದರಲ್ಲಿ ಒಂದು, ಮುಖ್ಯರಸ್ತೆಗೆ ಹತ್ತಿರದ್ದು, ಅತ್ತೆಯದು. ಅತ್ತೆ ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ದುಡಿದು ಕಟ್ಟಿಸಿದ ಮನೆ. ಗುರುಸಿದ್ಧ ಹೋದಮೇಲೆ ನಾವಿಬ್ಬರೇ.

ಈ ತಗ್ಗು ಮೊದಲು ದೇವಮ್ಮನ ಕೆರೆ. ರೈಲುಹಳಿ ಹೋಗಿರುವುದೇ ಹಳೆಯ ಏರಿಯ ಮೇಲೆ. ಆದರೆ ಬಡಾವಣೆಯಲ್ಲಿ ಯಾರೂ ಕೆರೆ ಎನ್ನುವ ಮಾತನ್ನು ಆಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಕೆರೆಗಳನ್ನು ತೆರವು ಮಾಡಿಸುವ ಕಾನೂನು ಬಂದಾಗ ನಾನೂರ ಹನ್ನೆರಡು ಮನೆಯವರೂ ಒಂದೇ ಪ್ರಮಾಣಪತ್ರಕ್ಕೆ ರುಜು ಹಾಕಿದರು: ಈ ಜಾಗದಲ್ಲಿ ನಮ್ಮ ಕಾಲದಲ್ಲಾಗಲಿ ನಮ್ಮ ಹಿರಿಯರ ಕಾಲದಲ್ಲಾಗಲಿ ನೀರು ನಿಂತದ್ದಿಲ್ಲ. ಅಂದಿನಿಂದ ಇದು ದಾಖಲೆಯಲ್ಲಿ ಖುಷ್ಕಿ, ಗಟ್ಟಿ ಕೆಂಪು ಮಣ್ಣು. ಬಸ್ಸಿನ ಬೋರ್ಡು ಬದಲಾಯಿತು. ಗೌರಿ ಹಬ್ಬದ ಬಾಗಿನವನ್ನು ಏರಿಯ ಮೇಲಿಂದ ಬಿಡುವುದೂ ನಿಂತಿತು. ಮಕ್ಕಳಿಗೆ ಹೇಳಿಕೊಟ್ಟರು: ಯಾರಾದರೂ ಕೇಳಿದರೆ ಇಲ್ಲಿ ಮೊದಲು ರಾಗಿ ಹೊಲ ಇತ್ತು ಅನ್ನಿ. ಹೇಳಿ ಹೇಳಿ ಅದೇ ನಿಜವಾಗಿತ್ತು.

ಎಳೆ ಹೂಳಿದಾಗ ಪ್ರತಿ ವಾರ್ಡಿಗೂ ಮಣ್ಣಿನ ಕಾಲಂ ತುಂಬಬೇಕಿತ್ತು. ಬಂಡೆಯ ಮೇಲೆ ಹೆಜ್ಜೆ ಒಂದು ರೀತಿ ಕೇಳುತ್ತದೆ, ಕೆಸರಿನ ಮೇಲೆ ಇನ್ನೊಂದು ರೀತಿ. ಮಣ್ಣು ಯಾವುದೆಂದು ತಿಳಿದರೆ ಯಂತ್ರ ಅದಕ್ಕೆ ತಕ್ಕಂತೆ ಕಿವಿ ಹೊಂದಿಸಿಕೊಳ್ಳುತ್ತದೆ. ಇಪ್ಪತ್ಮೂರನೇ ವಾರ್ಡಿಗೆ ದಾಖಲೆಯಲ್ಲಿದ್ದಂತೆ ಕೆಂಪು ಮಣ್ಣು ಎಂದು ತುಂಬಿದರು.

ಪಟ್ಟಿಯಲ್ಲಿ ನಮ್ಮ ವಾರ್ಡಿನ ನಡಿಗೆಗಳು ಎರಡು ಸಾವಿರದ ಮುನ್ನೂರ ಹದಿನಾರು. ಎಣಿಕೆಗೆ ಮೊದಲ ಸಲ ಬಂದದ್ದು ಎರಡು ಸಾವಿರದ ನೂರ ತೊಂಬತ್ತು. ಮುಂದಿನ ಸಲ ಸಾವಿರದ ಒಂಬೈನೂರ ಅರವತ್ತು. ಆಮೇಲೆ ಸಾವಿರದ ಆರುನೂರ ಹತ್ತು. ಜನ ಮನೆ ಖಾಲಿ ಮಾಡುತ್ತಿದ್ದಾರೆ ಎಂದು ಮುಖ್ಯಾಧಿಕಾರಿ ಫಣಿರಾಜ್ ಸರ್ ವರದಿಯಲ್ಲಿ ಬರೆದರು. ನಾನೇ ಅದನ್ನು ಟೈಪು ಮಾಡಿದೆ. ನಮ್ಮ ಬೀದಿಯಲ್ಲಿ ಯಾವ ಮನೆಯೂ ಖಾಲಿಯಾಗಿರಲಿಲ್ಲ. ಬೇರೆ ಬೀದಿಯಲ್ಲಿ ಆಗಿರಬಹುದು ಎಂದುಕೊಂಡೆ. ಆ ದಿನಗಳಲ್ಲಿ ಯಾವುದರ ಬಗ್ಗೆಯೂ ಎರಡು ಸಲ ಯೋಚಿಸುತ್ತಿರಲಿಲ್ಲ.

*

ಗೌರಿ ಹಬ್ಬದ ಬೆಳಿಗ್ಗೆ ಅತ್ತೆ ಮೊರಕ್ಕೆ ಅರಿಸಿನ ಹಚ್ಚಿ, ಬಳೆ ಬಿಚ್ಚೋಲೆ ಇಟ್ಟು, ಅಂಗಳದ ಸಂಪಿನ ಮುಚ್ಚಳ ತೆಗೆದರು. ಮೊರವನ್ನು ನೀರಿನ ಮೇಲೆ ತೇಲಿಬಿಟ್ಟು ಕೈಮುಗಿದು, ಸ್ವಲ್ಪ ಹೊತ್ತಿನ ಮೇಲೆ ಎತ್ತಿಕೊಂಡರು. ಕುಡಿಯುವ ನೀರಿನ ಸಂಪಿಗೆ ಬಾಗಿನ ಬಿಡುತ್ತಾರೆಯೇ ಎಂದು ಕೇಳಿದೆ.

"ಇನ್ನೆಲ್ಲಿಗೆ ಬಿಡ್ಲಿ ಕಣವ್ವ," ಎಂದರು. "ದೇವಮ್ಮ ಕೆಳಗೇ ಅವಳೆ."

ನನ್ನ ತೊಡೆಯ ಮೇಲೆ ಆಫೀಸಿನ ಟ್ಯಾಬ್ ಇತ್ತು. ಏನೂ ತೋಚದೆ ನಮ್ಮ ಬೀದಿಯನ್ನು ತೆರೆದೆ. ಅತ್ತೆಗೆ ಎಡ ಮಂಡಿ ನೋವು. ಅವರ ನಡಿಗೆಯನ್ನು ಸಾವಿರದಲ್ಲಿ ಗುರುತಿಸಬಹುದು, ಒಂದು ಗಟ್ಟಿ, ಒಂದು ಮೆತ್ತಗೆ. ಅವರು ಸಂಪಿನಿಂದ ಬಾಗಿಲಿಗೆ ಬಂದರು. ನಕ್ಷೆಯಲ್ಲಿ ಚುಕ್ಕೆ ಬರಲಿಲ್ಲ. ಬೀದಿಯವರೆಗೂ ಒಮ್ಮೆ ಹೋಗಿಬನ್ನಿ ಎಂದೆ. ಬೈದುಕೊಂಡೇ ಹೋದರು. ಬರಲಿಲ್ಲ. ಕಾಲು ಅಪ್ಪಳಿಸಿ ನಡೆಯಿರಿ ಎಂದೆ. ಹಬ್ಬದ ದಿನ ಮುದುಕಿಯನ್ನು ಕುಣಿಸ್ತೀಯಲ್ಲ, ನಿನ್ನ ಯಂತ್ರಕ್ಕೆ ಕಿವುಡು ಬಂದಿರಬೇಕು ಎಂದು ನಗುತ್ತಲೇ ಅಪ್ಪಳಿಸಿದರು. ಮೂರು ಚುಕ್ಕೆ ಮಸುಕಾಗಿ ಮೂಡಿ ಆರಿಹೋದವು.

ನಾನು ಮುಖ್ಯರಸ್ತೆಗೆ ನಡೆದುಕೊಂಡು ಹೋದೆ. ಅಲ್ಲಿ ನೆಲ ಏರುವ ಜಾಗದಲ್ಲಿ ನನ್ನ ಹೆಜ್ಜೆಗಳು ಒಂದೊಂದೂ ಸ್ಪಷ್ಟವಾಗಿ ಹಸಿರಾದವು. ಬಡಾವಣೆಗೆ ಮರಳಿದೆ. ಆರಿದವು.

ಯಾರೂ ಮನೆ ಬಿಟ್ಟಿರಲಿಲ್ಲ. ನೆಲಕ್ಕೆ ಅವರು ಕೇಳಿಸುತ್ತಿರಲಿಲ್ಲ, ಅಷ್ಟೆ. ನೀರು ತುಂಬಿದ ಸಡಿಲ ಮಣ್ಣು ಸದ್ದನ್ನು ನುಂಗುತ್ತದೆ. ಮೂರು ತಿಂಗಳಿಂದ ಮೂರು ತಿಂಗಳಿಗೆ ಎಣಿಕೆ ಬಿದ್ದದ್ದಕ್ಕೆ ಬೇರೆ ಅರ್ಥವಿರಲಿಲ್ಲ. ನೀರು ಮೇಲಕ್ಕೆ ಬರುತ್ತಿತ್ತು.

ಮರುದಿನ ಆಫೀಸಿಗೆ ನಮ್ಮ ಕಡೆಯ ವಾಲ್ವ್‌ಮನ್ ಚಿಕ್ಕನಂಜಯ್ಯ ಹಾಜರಿ ಹಾಕಲು ಬಂದಾಗ ಕೇಳಿದೆ. ಅವರ ತಂದೆ ಇದೇ ಕೆರೆಯ ನೀರುಗಂಟಿಯಾಗಿದ್ದವರು, ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರು. ವಾಲ್ವಿನ ಗುಂಡಿಗಳಲ್ಲಿ ವರ್ಷದಿಂದ ನೀರು ನಿಂತಿದೆ, ಪೈಪು ಎಲ್ಲಿಯೂ ಒಡೆದಿಲ್ಲ, ಬಕೆಟ್ಟಿನಲ್ಲಿ ತೋಡಿದರೆ ಸಂಜೆಗೆ ಮತ್ತೆ ಅಷ್ಟೇ ಆಗುತ್ತದೆ ಎಂದರು. ಮೇಲಿನ ಎರಡು ಕೆರೆಗಳ ಕೋಡಿ ನೀರು ಹಳೆಯ ಕಾಲುವೆಯ ಜಾಡು ಹಿಡಿದೇ ಈಗಲೂ ಬರುತ್ತಿದೆ, ರಸ್ತೆ ಮನೆ ಎಲ್ಲದರ ಅಡಿಯಲ್ಲಿ.

"ಮುಚ್ಚಿದ್ದು ನಮಗೆ ಗೊತ್ತು ಮೇಡಮ್ಮೋರೆ," ಎಂದರು. "ನೀರಿಗೆ ಯಾರು ಹೇಳವ್ರೆ?"

*

ಮಣ್ಣಿನ ಕಾಲಂನಲ್ಲಿ ಒಂದು ಮಾತು ಬದಲಾಯಿಸಿದರೆ ಸಾಕಿತ್ತು. ಕೆಂಪು ಮಣ್ಣು ತೆಗೆದು ಕೆರೆಯಂಗಳ ಎಂದು ಹಾಕಿದರೆ ಯಂತ್ರದ ಕಿವಿ ಚುರುಕಾಗುತ್ತದೆ, ಎರಡು ಸಾವಿರ ಜನ ಮತ್ತೆ ಕಾಣಿಸುತ್ತಾರೆ. ಆದರೆ ಕೆರೆಯಂಗಳ ಎಂದು ದಾಖಲಾದ ಕ್ಷಣ ತೆರವು ನೋಟಿಸು ತಾನಾಗಿ ಹೋಗುತ್ತದೆ. ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಪುರಸಭೆಗೆ ಇಲ್ಲ. ಸುಳ್ಳು ಪ್ರಮಾಣ ಮಾಡಿದವರಿಗೆ ಬದಲಿ ಜಾಗವೂ ಇಲ್ಲ.

ವಾರ್ಡಿನ ಸದಸ್ಯೆ ಕೆಂಪರಾಜಮ್ಮನವರ ಮನೆಗೆ ಹೋದೆ. ಬಡಾವಣೆಗೆ ಮೊದಲು ಗುಡಿಸಲು ಹಾಕಿದವರಲ್ಲಿ ಅವರೂ ಒಬ್ಬರು. ಪ್ರಮಾಣಪತ್ರ ಹಿಡಿದು ಮನೆಮನೆಗೆ ತಿರುಗಿದವರೂ ಅವರೇ. ಅಲಸಂದೆ ಕಾಯಿ ಸುಲಿಯುತ್ತಾ ನನ್ನ ಮಾತನ್ನೆಲ್ಲ ಕೇಳಿದರು. ನನ್ನ ಮುಂದೂ ಒಂದಷ್ಟು ಕಾಯಿ ಸುರಿದರು. ನೆಲ ಒದ್ದೆಯಾಗಿರುವುದು ತಮಗೂ ಗೊತ್ತು, ದೇವರ ಮನೆಯ ಹಾಸುಗಲ್ಲು ಬೆವರುತ್ತಿದೆ ಎಂದರು. ಎಣಿಕೆ ದಿನ ಮುಗಿಯಲಿ, ವಾರ್ಡು ಉಳಿಯಲಿ, ಆಮೇಲೆ ಚರಂಡಿ ಮಾಡಿಸೋಣ ಎಂದರು. ಚರಂಡಿಯಿಂದ ಆಗುವುದಲ್ಲ, ಮನೆಗಳು ನಿಂತಿರುವ ಮಣ್ಣೇ ಒಂದು ದಿನ ಅಂಬಲಿಯಾಗಬಹುದು ಎಂದೆ.

"ಅಂದ್ರೆ ನೀನು ಕೆರೆ ಅಂತ ಬರೀತೀಯ." ಹನ್ನೊಂದು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲಿರಬೇಕು, ಸಣ್ಣ ದನಿಯಲ್ಲಿ ಹೇಳಿದರು. "ಬರಿ. ನೆಲ ಯಾವತ್ತು ಬಾಯಿ ಬಿಡ್ತದೋ ಗೊತ್ತಿಲ್ಲ. ಜೆಸಿಬಿ ಎಂಟು ದಿನಕ್ಕೆ ಬತ್ತದೆ, ಅದು ಗೊತ್ತು. ನಿಮ್ಮತ್ತೆನ ಎಲ್ಲಿ ಮಲಗಿಸ್ತೀಯ ಅಂತ ಮೊದ್ಲು ಯೋಚನೆ ಮಾಡ್ಕೊ."

ಸುಲಿದ ಕಾಳನ್ನು ಪಾತ್ರೆಗೆ ಹಾಕಿ ಎದ್ದೆ.

ಫಣಿರಾಜ್ ಸರ್ ಅವರಿಗೂ ಹೇಳಿದೆ. ಬಡಾವಣೆ ಎನ್ನದೆ, ತಗ್ಗು ಪ್ರದೇಶದ ಕೆಲವು ಕಡೆ ಎಳೆಗೆ ಸರಿಯಾಗಿ ಕೇಳುತ್ತಿಲ್ಲ ಎಂದೆ. ಅವರು ಮರ್ಯಾದಸ್ಥರು, ಯಾರ ಮೇಲೂ ದನಿ ಏರಿಸಿದವರಲ್ಲ. ಕುರ್ಚಿ ತೋರಿಸಿ ಕೂರಿಸಿದರು. "ನೋಡಿ ಕಲಾ, ಬಾಯಲ್ಲಿ ಹೇಳಿದ್ದನ್ನ ನಾನು ಕೇಳಿಸಿಕೊಳ್ಳೋಕಾಗಲ್ಲ. ಬರೆದು ಕೊಡಿ. ಮಣ್ಣಿನ ಕಾಲಂ ನಿಮ್ಮ ಲಾಗಿನ್ನಿನಲ್ಲೇ ಇದೆಯಲ್ಲ," ಎಂದರು.

ನಾನು ಬರೆಯಲಿಲ್ಲ. ಎಣಿಕೆ ದಿನಕ್ಕೆ ಇನ್ನೂ ಹದಿನಾರು ದಿನವಿತ್ತು. ದಿನವೂ ಕಾಲಂ ತೆರೆದು ನೋಡಿ ಮುಚ್ಚುತ್ತಿದ್ದೆ. ಸಂಜೆ ಮನೆಗೆ ಹೋದರೆ ಅತ್ತೆ ಉಪ್ಪಿಟ್ಟು ಮಾಡಿಟ್ಟಿರುತ್ತಿದ್ದರು. ನಾನು ತಿನ್ನುವುದನ್ನು ನೋಡುತ್ತಾ ಕೂರುತ್ತಿದ್ದರು. ಈ ಮನೆ ಹೋದರೆ ಎಲ್ಲಿಗೆ ಹೋಗುತ್ತೀರಿ ಎಂದು ಒಂದು ದಿನ ಕೇಳಿದೆ. ಮಗ ಹೋದಮೇಲೂ ಇಲ್ಲೇ ಇದ್ದೀನಲ್ಲ, ಇನ್ನೇನು ಎಂದರು. ಅದು ಉತ್ತರವೋ ಪ್ರಶ್ನೆಯೋ ತಿಳಿಯಲಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ನನಗೆ ಎಲ್ಲ ರಾತ್ರಿಯೂ ಚೆನ್ನಾಗಿ ನಿದ್ದೆ ಬರುತ್ತಿತ್ತು.

*

ಎಣಿಕೆ ದಿನ ಕೆಂಪರಾಜಮ್ಮ ಇಡೀ ವಾರ್ಡಿಗೆ ರಜೆ ಹಾಕಿಸಿದ್ದರು. ಗಾರ್ಮೆಂಟ್ಸಿಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು, ಆಟೋದವರು ಎಲ್ಲರೂ ಊರಲ್ಲೇ ಇದ್ದರು. ಬರಿ ನಡೆದರೆ ಕೇಳುವುದಿಲ್ಲ ಎಂದು ನಾನು ಹೇಳಿದ್ದರಲ್ಲಿ ಅವರು ಅಷ್ಟನ್ನು ಮಾತ್ರ ಹಿಡಿದುಕೊಂಡಿದ್ದರು. ಪಕ್ಕದ ಊರಿನಿಂದ ತಮಟೆಯವರನ್ನು ಕರೆಸಿದ್ದರು. ಏಳು ಬೀದಿಯವರೂ ನಡುವಿನ ಮೈದಾನದ ಸುತ್ತ ನಿಂತು ಏಟಿಗೆ ಸರಿಯಾಗಿ ಒಟ್ಟಿಗೇ ನೆಲ ತುಳಿಯಬೇಕು. ಅತ್ತೆ ಬೆಳಿಗ್ಗೆಯೇ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ತಯಾರಾಗಿದ್ದರು. ಮಂಡಿಗೆ ಬಟ್ಟೆ ಸುತ್ತಿಕೊಂಡಿದ್ದರು.

ಹತ್ತು ಗಂಟೆಗೆ ಆಫೀಸಿನ ನಕ್ಷೆಯಲ್ಲಿ ಇಪ್ಪತ್ಮೂರನೇ ವಾರ್ಡು ಸಾವಿರದ ಐನೂರ ಎಂಬತ್ತೆಂಟು. ಹತ್ತೂವರೆಗೆ ಸಾವಿರದ ಐನೂರ ನಲವತ್ತು. ತಮಟೆಯ ಏಟು ಸಣ್ಣ ಗೆರೆಗಳಾಗಿ ಕಾಣುತ್ತಿತ್ತು. ಎರಡು ಸಾವಿರ ಕಾಲು ಒಟ್ಟಿಗೆ ಬಿದ್ದಾಗ ವಾರ್ಡಿಗೆ ವಾರ್ಡೇ ಹಸಿರಾಗಿ ಮಿನುಗುತ್ತಿತ್ತು. ಹನ್ನೊಂದಕ್ಕೆ ಸಾವಿರದ ಮುನ್ನೂರು.

ತುಳಿದಷ್ಟೂ ಕಡಿಮೆಯಾಗುತ್ತಿತ್ತು. ಒದ್ದೆ ಮರಳಿನ ಮೇಲೆ ನಿಂತು ಕಾಲು ಕುಣಿಸಿದರೆ ನೀರು ಮೇಲೆ ಬಂದು ಕಾಲು ಇಳಿಯುತ್ತದಲ್ಲ, ಹಾಗೆ. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ನೆಲ ನೆಲವಾಗಿರುತ್ತದೆ. ಒಂದೇ ಲಯದಲ್ಲಿ ಅಲುಗಿಸಿದರೆ ಆ ಹಿಡಿತ ಬಿಡುತ್ತದೆ.

ಕೆಂಪರಾಜಮ್ಮನಿಗೆ ಫೋನು ಮಾಡಿದೆ. ನಾಲ್ಕನೇ ಸಲಕ್ಕೆ ಎತ್ತಿದರು. ತಮಟೆಯ ಸದ್ದಿನಲ್ಲಿ ಅರ್ಧ ಕೇಳಿಸಿತು. ಎಣಿಕೆ ಬೀಳುತ್ತಿದೆ, ಕುಣಿಯುವುದನ್ನು ನಿಲ್ಲಿಸಿ ಎಂದೆ.

"ಬೀಳ್ತಾ ಐತಾ? ಹಂಗಾದ್ರೆ ಇನ್ನೂ ಜೋರಾಗಿ ತುಳಿಸ್ತೀನಿ ಬಿಡು." ಫೋನು ಇಟ್ಟರು.

ಅಗ್ನಿಶಾಮಕದವರಿಗೆ ಮಾಡಿದೆ. ಬೆಂಕಿ ಎಲ್ಲಿ ಬಿದ್ದಿದೆ ಎಂದು ಕೇಳಿದರು. ಬೆಂಕಿ ಅಲ್ಲ, ನೆಲ ಎಂದೆ. ಮೇಲಧಿಕಾರಿಯಿಂದ ಹೇಳಿಸಿ ಎಂದರು. ಫಣಿರಾಜ್ ಸರ್ ಜಿಲ್ಲಾಧಿಕಾರಿಗಳ ಸಭೆಯಲ್ಲಿದ್ದರು. ಅತ್ತೆಯ ಫೋನು ರಿಂಗಾಗುತ್ತಲೇ ಇತ್ತು.

ಹನ್ನೊಂದೂ ಇಪ್ಪತ್ತಕ್ಕೆ ಎಂಟುನೂರ ಎಪ್ಪತ್ತು. ಆಗ ಮೈದಾನದ ನಡುವೆ ಬೇರೊಂದು ಗೆರೆ ಕಾಣಿಸಿತು. ಒಂಬತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುವ ಗೆರೆ. ಯಾರ ನಡಿಗೆಯೂ ಅಲ್ಲ, ತಮಟೆಯೂ ಅಲ್ಲ. ಗುರುತಿಸಲಾಗದ್ದು ಎಂದು ಯಂತ್ರ ಅದರ ಪಕ್ಕದಲ್ಲಿ ಬರೆದುಕೊಂಡಿತು.

ನಾನು ಮಣ್ಣಿನ ಕಾಲಂ ತೆರೆದು ಕೆರೆಯಂಗಳ ಎಂದು ಹಾಕಿದೆ. ಖಚಿತವೇ ಎಂದು ಕೇಳಿತು. ಹೌದು ಎಂದೆ.

*

ಮೂರು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಮಟೆಯ ಗೆರೆ ನಿಂತಿತು. ತುಳಿತವೂ ನಿಂತಿತು. ನಾನೂರ ಹನ್ನೆರಡು ಮನೆಯವರ ಫೋನಿಗೂ ಒಂದೇ ಸಲ ನೋಟಿಸು ಹೋಗಿತ್ತು. ಅವರು ನಿಂತಲ್ಲೇ ಓದುತ್ತಿದ್ದಿರಬೇಕು. ಅಷ್ಟರೊಳಗೆ ಯಂತ್ರ ಹೊಸ ಕಿವಿಯಿಂದ ಎಣಿಸಿ ಮುಗಿಸಿತ್ತು: ಎರಡು ಸಾವಿರದ ಇನ್ನೂರ ನಾಲ್ಕು. ವಾರ್ಡು ಉಳಿದಿತ್ತು. ಆ ಅಂಕಿಯನ್ನು ನೋಡುತ್ತಾ ಕೂತೆ.

ಕೆಂಪರಾಜಮ್ಮ ಫೋನು ಮಾಡಿದರು. ಈಗ ಹಿಂದೆ ಯಾವ ಸದ್ದೂ ಇರಲಿಲ್ಲ.

"ಬರೆದ್ಬಿಟ್ಟೆ ಅಲ್ವಾ."

ಬರೆದೆ ಎಂದೆ. ಎಲ್ಲರನ್ನೂ ಹೊರಕ್ಕೆ ಕರೆದುಕೊಂಡು ಬನ್ನಿ, ಒಬ್ಬರನ್ನೂ ಬಿಡಬೇಡಿ ಎಂದೆ.

"ಬತ್ತೀವಿ ಕಣೆ. ಎಲ್ಲಾರೂ ಬತ್ತೀವಿ. ಅಲ್ಲೇ ಕೂತಿರು."

ನಕ್ಷೆಯಲ್ಲಿ ಅವರು ಹೊರಟರು. ಮೊದಲು ಏಳು ಬೀದಿಗಳಿಂದ ಏಳು ಸಾಲು, ಆಮೇಲೆ ಒಂದೇ ಹೊಳೆ. ನೆಲ ಏರುವ ಜಾಗ ದಾಟುತ್ತಲೇ ಒಂದೊಂದು ಹೆಜ್ಜೆಯೂ ಗಟ್ಟಿಯಾಯಿತು. ಪುರಸಭೆಗೆ ಒಂದೂವರೆ ಕಿಲೋಮೀಟರ್ ದಾರಿ. ಇಷ್ಟು ಜನ ಇಷ್ಟು ಬೇಗ ನಡೆದದ್ದನ್ನು ನಾನು ಯಾವ ಎಣಿಕೆ ದಿನದಲ್ಲೂ ಕಂಡಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಗೇಟು ಹಾಕುವ ಸದ್ದು ಕೇಳಿಸಿತು. ತೆರಿಗೆ ವಿಭಾಗದವರು ಹಿಂದಿನ ಬಾಗಿಲಿನಿಂದ ಹೋದರು. ನೀವೂ ಹೊರಡಿ ಎಂದು ಯಾರೋ ಹೇಳಿ ಹೋದರು.

ಕಿಟಕಿಯಿಂದ ಮೊದಲು ಲಗೇಜ್ ಆಟೋಗಳು ಕಂಡವು. ಹಾಸಿಗೆ ಹಿಡಿದಿದ್ದ ಹನ್ನೊಂದು ಮಂದಿಯನ್ನೂ ಕೆಂಪರಾಜಮ್ಮ ಅವುಗಳಲ್ಲಿ ಮಲಗಿಸಿಕೊಂಡು ತಂದಿದ್ದರು, ಅಧಿಕಾರಿಗಳಿಗೆ ತೋರಿಸಲು. ಕಂಕುಳಲ್ಲಿ ಮಕ್ಕಳು. ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಗಂಡನನ್ನು ತಿಂದವಳು ಈಗ ಮನೆ ತಿಂದಳು ಎಂದು ಒಬ್ಬಳು ಕೂಗಿದಳು. ಅವಳ ಮನೆಯಿಂದ ನಮಗೆ ಹಬ್ಬಕ್ಕೆ ಒಬ್ಬಟ್ಟು ಬಂದಿತ್ತು.

ಗಟ್ಟಿ ನೆಲದ ಮೇಲಿನ ಇಪ್ಪತ್ಮೂರನೇ ವಾರ್ಡಿನವರನ್ನು ಎಣಿಸಲು ಯಂತ್ರಕ್ಕೆ ಹೇಳಿದೆ. ಎರಡು ಸಾವಿರದ ಇನ್ನೂರ ಮೂರು.

ಮತ್ತೊಮ್ಮೆ ಎಣಿಸಿದೆ. ಅಷ್ಟೇ ಬಂತು. ಇಲ್ಲದಿರುವವರ ಹೆಸರನ್ನು ನಾನು ಯಂತ್ರಕ್ಕೆ ಕೇಳಬೇಕಾಗಿರಲಿಲ್ಲ.

ಅತ್ತೆ ಈ ಸಲ ಫೋನು ಎತ್ತಿದರು. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ ಎಂದರು. ಎಲ್ಲರ ಜೊತೆ ಯಾಕೆ ಹೊರಡಲಿಲ್ಲ ಎಂದು ಕೇಳಿದೆ.

"ನಾನ್ಯಾಕೆ ಬರ್ಲಿ? ನಿನ್ನ ಬೈಯಕ್ಕೆ ಹೊಂಟವ್ರೆ ಅವರು. ಸೊಸೆನ ಬೈಯ್ಯೋ ಗುಂಪಿನಾಗೆ ನಾನು ನಿಲ್ಲಾದಾ?"

ಅತ್ತೆ, ಈಗಲೇ ಹೊರಡಿ ಎಂದೆ. ಬರೆದದ್ದು ನಾನೇ, ನಿಮ್ಮ ಮನೆ ಕಳೆದದ್ದು ನಾನೇ, ಬೈಯುವುದಕ್ಕಾದರೂ ಬನ್ನಿ ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಗುರುಸಿದ್ಧ ಹೋದಮೇಲೆ ನಾನು ಯಾರಿಗೂ ಅಷ್ಟು ಜೋರಾಗಿ ಮಾತಾಡಿರಲಿಲ್ಲ.

"ಅಳ್ಬೇಡ," ಎಂದರು. "ಬತ್ತೀನಿ ಇರು. ಬಾಗಿಲು ಯಾಕೋ ಹಾಕಕ್ಕೆ ಬತ್ತಾ ಇಲ್ಲ. ಚೌಕಟ್ಟು ಓರೆ ಆಗದೆ."

"ಬಾಗಿಲು ಬಿಟ್ಟು ಬನ್ನಿ."

"ಹಂಗೆ ತೆರೆದಿಟ್ಟು ಹೆಂಗೆ ಬರ್ಲಿ, ಕಲಾ."

"ಬಿಟ್ಟು ಬನ್ನಿ ಅತ್ತೆ."

ಫೋನನ್ನು ಅವರು ಎಲ್ಲಿಯೋ ಇಟ್ಟರು. ಕೆಳಗೆ ಗೇಟು ಅಲುಗಾಡಿಸುತ್ತಿದ್ದರು. ಗಾಜು ಒಡೆಯಿತು. ನಾನು ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. ಬಡಾವಣೆಯ ತುಂಬ ಒಂದೂ ಚುಕ್ಕೆ ಇರಲಿಲ್ಲ. ಮೈದಾನದ ಗೆರೆ ಈಗ ಆರು ಸೆಕೆಂಡಿಗೊಮ್ಮೆ ಏಳುತ್ತಿತ್ತು. ತುಳಿತ ನಿಂತರೂ ಅದು ನಿಂತಿರಲಿಲ್ಲ.

ಆಮೇಲೆ ನಮ್ಮ ಬಾಗಿಲಲ್ಲಿ ಒಂದು ಚುಕ್ಕೆ ಮೂಡಿತು. ಗಟ್ಟಿ. ಇನ್ನೊಂದು, ಮೆತ್ತಗೆ. ಅತ್ತೆ ನಡೆಯುತ್ತಿದ್ದರು. ಎಣಿಸಲು ಶುರುಮಾಡಿದೆ. ನಾಲ್ಕು. ಐದು. ಆರನೆಯದಕ್ಕೆ ತುಸು ನಿಂತರು, ಹಿಂದಿರುಗಿ ಬಾಗಿಲ ಕಡೆ ನೋಡಿರಬೇಕು. ಮತ್ತೆ ಹೊರಟರು. ಹತ್ತು. ಹನ್ನೊಂದು. ಹೆಜ್ಜೆಗಳು ಹತ್ತಿರ ಹತ್ತಿರವಾದವು, ಮಂಡಿ ನೋವಿದ್ದೂ ಓಡುತ್ತಿದ್ದರು ಎಂದು ಕಾಣುತ್ತದೆ.

ನಮ್ಮ ಹೊಸ್ತಿಲಿನಿಂದ ಗಟ್ಟಿ ನೆಲದ ಮುಖ್ಯರಸ್ತೆಗೆ ಅತ್ತೆಯ ನಡಿಗೆಯಲ್ಲಿ ಇಪ್ಪತ್ತೆರಡು ಹೆಜ್ಜೆ.

ಯಂತ್ರ ಹದಿನೇಳು ಎಣಿಸಿತು.